ನಿದ್ದೆ ಮಾತ್ರೆಯ ಲೆಕ್ಕಾಚಾರ

ಇವತ್ತು ನಿದ್ದೆಗೆಂದು ಮಾರಾಟವಾಗುವ ಮೆಲಟೋನಿನ್, ತೊನ್ನಿಗೆ ಮದ್ದು ಹುಡುಕುತ್ತಿದ್ದ ಚರ್ಮವೈದ್ಯರೊಬ್ಬರ ಕೈಗೆ ಸಿಕ್ಕ ವಸ್ತು. ದನದ ಮೆದುಳಿನ ಪೀನಿಯಲ್ ಗ್ರಂಥಿಯ ಸಾರ ಹಾಕಿದರೆ ಗೊದಮೊಟ್ಟೆಯ ಮೈಬಣ್ಣ ತಿಳಿಯಾಗುತ್ತದೆ ಎಂಬುದು 1917ರಲ್ಲೇ ಗೊತ್ತಾಗಿತ್ತು. ಅದರ ಜಾಡು ಹಿಡಿದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ತಂಡ 1958ರಲ್ಲಿ ಆ ವಸ್ತುವನ್ನು ಬೇರ್ಪಡಿಸಿತು. ತೊನ್ನಿಗೆ ಅದು ನಾಟಲಿಲ್ಲ. ಕತ್ತಲಾದ ಮೇಲೆ ದೇಹಕ್ಕೆ ರಾತ್ರಿಯ ಸೂಚನೆ ಕೊಡುವ ಹಾರ್ಮೋನು ಇದೇ ಎಂಬುದು ಆಮೇಲೆ ತಿಳಿಯಿತು.

1994ರಲ್ಲಿ ಎರಡು ಸಂಗತಿಗಳು ನಡೆದವು. ಎಂಐಟಿಯ ರಿಚರ್ಡ್ ವರ್ಟ್‌ಮನ್ ತಂಡ 20 ಯುವಕರಿಗೆ ಹಾಡಹಗಲೇ ಮೆಲಟೋನಿನ್ ಕೊಟ್ಟು ನೋಡಿತು. 0.3 ಮಿಲಿಗ್ರಾಂ ಕೊಟ್ಟರೂ ಸಾಕು, ರಕ್ತದಲ್ಲಿ ಅದರ ಮಟ್ಟ ಸಹಜ ರಾತ್ರಿಯಷ್ಟೇ ಏರುತ್ತಿತ್ತು. ಅದೇ ವರ್ಷ ಅಮೆರಿಕ ತಂದ ಕಾನೂನಿನಿಂದಾಗಿ ಇಂಥ ಪೂರಕಗಳನ್ನು ಮಾರಲು, ಅವು ಕೆಲಸ ಮಾಡುತ್ತವೆಂದು ಮೊದಲೇ ಸರ್ಕಾರಕ್ಕೆ ರುಜುವಾತು ಕೊಡಬೇಕಾದ ಅಗತ್ಯವಿಲ್ಲದಾಯಿತು. ಅಂಗಡಿಗಳಲ್ಲಿ 3, 5, 10 ಮಿಲಿಗ್ರಾಂ ಡಬ್ಬಿಗಳು ತುಂಬಿದವು. ಪ್ರಯೋಗಾಲಯ ಕಂಡುಕೊಂಡ ಪ್ರಮಾಣ ಎಲ್ಲಿ, ಮಾರಾಟಕ್ಕಿಟ್ಟ ಪ್ರಮಾಣ ಎಲ್ಲಿ!

ಹಾಗಾದರೆ ಸಂಶೋಧನೆಯನ್ನು ನಂಬಬಹುದೇ? ಖಾಲಿ ಮಾತ್ರೆ ನುಂಗಿದವರೊಂದಿಗೆ ಹೋಲಿಸಿ ನಡೆಸಿದ ಪ್ರಯೋಗಗಳನ್ನು ನಂಬಬಹುದು. ಆದರೆ ಅವು ಹೇಳಿದಷ್ಟನ್ನು ಮಾತ್ರ. ಅಂಥ 19 ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆಯಲ್ಲಿ 1683 ಮಂದಿ ಇದ್ದರು. ಮೆಲಟೋನಿನ್ ತೆಗೆದುಕೊಂಡವರಿಗೆ ಸರಾಸರಿ 7 ನಿಮಿಷ ಬೇಗ ನಿದ್ದೆ ಹತ್ತಿತು, 8 ನಿಮಿಷ ಹೆಚ್ಚು ನಿದ್ದೆ ಬಂತು. ಲಾಭ ನಿಜ, ಆದರೆ ಸಣ್ಣದು. ದೂರದ ವಿಮಾನಯಾನದಿಂದ ನಿದ್ದೆಯ ಹೊತ್ತು ತಪ್ಪಿದವರ ವಿಷಯದಲ್ಲಿ ಪುರಾವೆ ಇದಕ್ಕಿಂತ ಗಟ್ಟಿಯಾಗಿದೆ.

ನನ್ನನ್ನು ಹೆಚ್ಚು ಕಾಡುವುದು ಡಬ್ಬಿಯೊಳಗಿನ ಸರಕು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 31 ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದರಲ್ಲಿ ಲೇಬಲ್ ಹೇಳಿದ್ದಕ್ಕಿಂತ ಶೇ 83ರಷ್ಟು ಕಡಿಮೆ ಮೆಲಟೋನಿನ್ ಇತ್ತು. ಒಂದೂವರೆ ಮಿಲಿಗ್ರಾಂ ಎಂದು ಬರೆದಿದ್ದ, ಅಗಿದು ತಿನ್ನುವ ಮಾತ್ರೆಯೊಂದರಲ್ಲಿ ಸುಮಾರು 9 ಮಿಲಿಗ್ರಾಂ ಇತ್ತು. ಮಕ್ಕಳ ಕೈಗೆ ಹೋಗುವುದು ಇಂಥ ಮಾತ್ರೆಗಳೇ. 8 ಉತ್ಪನ್ನಗಳಲ್ಲಿ ಲೇಬಲ್‌ನಲ್ಲೇ ಇಲ್ಲದ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕ ಸಿಕ್ಕಿತು.

ಭಯ ಹುಟ್ಟಿಸುವ ಸುದ್ದಿಗೂ ಇದೇ ಒರೆಗಲ್ಲು ಬೇಕು. ಮೆಲಟೋನಿನ್ ಅನ್ನು ದೀರ್ಘಕಾಲ ಬಳಸಿದವರಲ್ಲಿ ಹೃದಯ ವೈಫಲ್ಯ ಹೆಚ್ಚು ಕಂಡಿತೆಂದು 2025ರ ನವೆಂಬರ್‌ನಲ್ಲಿ ಅಮೆರಿಕದ ಹೃದ್ರೋಗ ಸಮ್ಮೇಳನವೊಂದರಲ್ಲಿ ಮಂಡಿಸಲಾಯಿತು. ಅದು ವೈದ್ಯಕೀಯ ದಾಖಲೆಗಳನ್ನು ಜಾಲಾಡಿ ಕಂಡ ನಂಟು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡು ನುಂಗಿದವರು ಆ ದಾಖಲೆಯಲ್ಲಿ 'ಬಳಸದವರ' ಸಾಲಿಗೆ ಸೇರಿರಬಹುದು. ನಿದ್ದೆ ಹೆಚ್ಚು ಕೆಟ್ಟವರೇ ಅದನ್ನು ಬಳಸಿರಬಹುದು, ಅವರ ಹೃದಯ ಮೊದಲೇ ದಣಿದಿರಬಹುದು.

ಹಾಗಾಗಿ ಮೆಲಟೋನಿನ್ ಬಗ್ಗೆ ಯಾವುದೇ ಸುದ್ದಿ ಓದಿದರೂ, ಪ್ರಯೋಗದಲ್ಲಿ ಕೊಟ್ಟದ್ದು ಎಷ್ಟು ಮಿಲಿಗ್ರಾಂ, ಯಾರೊಂದಿಗೆ ಹೋಲಿಸಿದರು, ನಿದ್ದೆ ಎಷ್ಟು ನಿಮಿಷ ಹೆಚ್ಚಿತು ಎಂಬುದನ್ನು ನೋಡಿ. ಮನೆಯ ಮಗುವಿಗಂತೂ ವೈದ್ಯರನ್ನು ಕೇಳದೆ ಕೊಡಬೇಡಿ.