ಎಂಟು ತುಂಡಿನ ಅಂಗಿ

ಮಾಗಿಯ ಬೆಳಗಿನಲ್ಲಿ ಶಿವಮೊಗ್ಗದ ಸೋಗಾನೆಗೆ ಹೋದರೆ ವಿಮಾನ ನಿಲ್ದಾಣಕ್ಕಿಂತ ಮೊದಲು ಮಂಜು ಕಾಣುತ್ತದೆ. 3,200 ಮೀಟರ್ ಉದ್ದದ ರನ್‌ವೇ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಲ್ಲಿ ಕಾರು ತಂದು ಕಾಯುವವರು, ದಾರಿಯಲ್ಲಿ ಹಾಲು ಹಾಕಿ ಬರುವವರು, ಕಾಲೇಜಿನ ಹುಡುಗರು, ಯಾರನ್ನು ನೋಡಿದರೂ ಮೈಮೇಲೆ ಒಂದೇ ಬಗೆಯ ಉಡುಪು. ಹೊರಗೆ ಬನಿಯನ್ನಿನಂಥ ಹೆಣಿಗೆ, ಒಳಗೆ ನವಿರು, ಕುತ್ತಿಗೆಗೂ ಮುಂಗೈಗೂ ಸೊಂಟಕ್ಕೂ ಹಿಗ್ಗುವ ಪಟ್ಟಿ. ಮನೆಯ ಹಿರಿಯರು ಅದನ್ನೂ ಸ್ವೆಟರ್ ಎಂದೇ ಕರೆಯುತ್ತಾರೆ. ಅಂಗಡಿಯಲ್ಲಿ ಅದು ಸ್ವೆಟ್‌ಶರ್ಟ್.

ಮಲೆನಾಡಿನ ಹಳೆಯ ಉಪಾಯ ಕಂಬಳಿ ಕೊಪ್ಪೆ. ಕಂಬಳಿಯನ್ನು ಮಡಿಸಿ ತಲೆಗೇರಿಸಿಕೊಂಡರೆ ಆಯಿತು, ಒಂದೂ ಹೊಲಿಗೆ ಬೇಡ. ಸ್ವೆಟ್‌ಶರ್ಟ್ ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ, 1920ರ ದಶಕದಲ್ಲಿ. ಫುಟ್‌ಬಾಲ್ ಆಡುತ್ತಿದ್ದ ಬೆನ್ನಿ ರಸೆಲ್‌ಗೆ ಉಣ್ಣೆಯ ಜರ್ಸಿ ಚುಚ್ಚುತ್ತಿತ್ತಂತೆ. ಅಪ್ಪನದೇ ಹೊಲಿಗೆ ಕಾರ್ಖಾನೆ. ಹೆಂಗಸರ ಒಳಉಡುಪಿನ ಹತ್ತಿ ಹೆಣಿಗೆಯನ್ನೇ ದಪ್ಪಗೆ ಮಾಡಿ ಮಗನಿಗೊಂದು ಅಂಗಿ ಹೊಲಿಸಿದರು ಎಂಬುದು ರಸೆಲ್ ಕಂಪನಿಯವರು ಹೇಳಿಕೊಂಡು ಬಂದ ಕತೆ.

ಸೋಗಾನೆಯಿಂದ ದೂರವೇನಲ್ಲದ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಸಿದ್ಧ ಉಡುಪು ಹೊಲಿಯುವ ಶಾಹಿ ಎಕ್ಸ್‌ಪೋರ್ಟ್ಸ್‌ನ ಘಟಕವಿದೆ. ಉಕ್ಕು, ಕಾಗದಗಳಿಂದ ಹೆಸರಾದ ಭದ್ರಾವತಿಯ ಸೀಮೆಯಲ್ಲಿ ಈಗ ‘ಗಾರ್ಮೆಂಟ್ಸ್‌ಗೆ ಹೋಗುತ್ತೇನೆ’ ಎನ್ನುವ ಹೆಣ್ಣುಮಕ್ಕಳು ಊರೂರಿನಲ್ಲಿ ಸಿಗುತ್ತಾರೆ. ಗಾರ್ಮೆಂಟ್ಸ್ ಎಂದರೆ ಎಲ್ಲಿ ಹೋದರೂ ಲೈನು. ಒಬ್ಬರು ಭುಜ ಕೂಡಿಸಿದರೆ ಇನ್ನೊಬ್ಬರು ತೋಳು, ಮತ್ತೊಬ್ಬರು ಪಟ್ಟಿ. ಬಂಡಲ್ ಮುಂದೆ ಹೋಗುತ್ತಿರುತ್ತದೆ, ಕೈ ಮಾತ್ರ ಅದೇ ಗೇಣುದ್ದದ ಹೊಲಿಗೆಯಲ್ಲಿ ಪಳಗುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಹೊಲಿಯುವುದು ಇದಕ್ಕೆ ಪೂರಾ ಉಲ್ಟಾ: ಯಾವ ಹೊಲಿಗೆಯಲ್ಲೂ ಪಳಗಿಲ್ಲ, ಆದರೆ ಎಲ್ಲವನ್ನೂ ಹಾಕಬೇಕು.

ಅದೃಷ್ಟಕ್ಕೆ ಸ್ವೆಟ್‌ಶರ್ಟ್‌ಗೆ ಕಾಜಾ ಇಲ್ಲ, ಗುಂಡಿ ಇಲ್ಲ, ಟಕ್ಸ್ ಇಲ್ಲ. ರವಿಕೆ ಹೊಲಿಯಲು ಕಲಿಯುವುದಕ್ಕಿಂತ ಇದು ಎಷ್ಟೋ ಸುಲಭ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರವಿಕೆ ಕಾಲಿಂಚು ತಪ್ಪಿದರೂ ಕ್ಷಮಿಸುವುದಿಲ್ಲ. ಇದರಲ್ಲಿ ಇರುವುದೇ ಎಂಟು ತುಂಡು: ಮುಂದು, ಹಿಂದು, ಎರಡು ತೋಳು, ಎರಡು ಮುಂಗೈ ಪಟ್ಟಿ, ಸೊಂಟದ ಪಟ್ಟಿ, ಕುತ್ತಿಗೆ ಪಟ್ಟಿ. ಅಳತೆಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಉದ್ದಕ್ಕೆ ಅರ್ಧ ಮಡಿಸಿ, ಪತ್ರಿಕೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಪಟ್ಟಿ ಕೂಡುವಲ್ಲಿಗೆ ಗೆರೆ ನಿಲ್ಲಿಸಿ, ಮಡಿಕೆಯ ಬದಿಯೊಂದನ್ನುಳಿದು ಹೊಲಿಗೆಗೆಂದು ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ.

ಬಟ್ಟೆ ಅರವತ್ತು ಇಂಚು ಪನ್ನದ್ದಾದರೆ ದೊಡ್ಡವರ ಅಂಗಿಗೆ ಒಂದೂವರೆ ಮೀಟರ್, ಪಟ್ಟಿಗಳಿಗೆ ಅರ್ಧ ಮೀಟರ್ ರಿಬ್ ಎಂಬ ಹಿಗ್ಗುವ ಹೆಣಿಗೆ ಸಾಕು. ಚದರ ಮೀಟರಿಗೆ 240ರಿಂದ 300 ಗ್ರಾಂ ತೂಗುವ ಬಟ್ಟೆ ನಮ್ಮ ಚಳಿಗೆ ಹದ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಲೈನಿಂಗ್ ಬಟ್ಟೆಯೂ ಸೀರೆಯ ಫಾಲ್ಸೂ ಸಿಕ್ಕಷ್ಟು ಸಲೀಸಾಗಿ ಈ ಹೆಣಿಗೆ ಬಟ್ಟೆ ನನಗೆ ಸಿಗಲಿಲ್ಲ. ಕೇಳಿ, ಹುಡುಕಿ ತರಬೇಕಾಯಿತು. ತಂದ ಮೇಲೆ ಮೊದಲು ಒಗೆದು ಒಣಗಿಸಿ. ಹತ್ತಿ ಕುಗ್ಗುವುದಿದ್ದರೆ ಕತ್ತರಿಗೆ ಮೊದಲೇ ಕುಗ್ಗಲಿ. ಹೆಚ್ಚು ಹಿಗ್ಗುವ ಕಡೆ ಎದೆಯ ಅಡ್ಡಕ್ಕೆ ಬರುವಂತೆ ಇಟ್ಟು ಕತ್ತರಿಸಿ. ಉದ್ದಕ್ಕೆ ಬಂದರೆ ತಲೆ ತೂರುವುದು ಕಷ್ಟ.

ಸೂಜಿಯ ಮಾತು ಸ್ವಲ್ಪ ಹೇಳಲೇಬೇಕು. ನೇಯ್ದ ಬಟ್ಟೆಯಲ್ಲಿ ಎಳೆಗಳು ಹಾಸುಹೊಕ್ಕಾಗಿರುತ್ತವೆ, ಹೆಣೆದ ಬಟ್ಟೆಯಲ್ಲಿ ಕುಣಿಕೆಗೆ ಕುಣಿಕೆ ಸಿಕ್ಕಿಕೊಂಡಿರುತ್ತದೆ. ಚೂಪು ಸೂಜಿ ಒಂದು ಕುಣಿಕೆ ಕಡಿದರೆ ತೂತು ಅಲ್ಲಿಂದಲೇ ಬೆಳೆಯುತ್ತದೆ. ಬಾಲ್‌ಪಾಯಿಂಟ್ ಸೂಜಿಯ ತುದಿ ತುಸು ಗುಂಡಗಿರುವುದರಿಂದ ಎಳೆಯನ್ನು ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಈ ದಪ್ಪಕ್ಕೆ 14ನೇ ನಂಬರ್ ಸರಿ. ಹೊಲಿಗೆ ಕಿರಿದಾದ ಜಿಗ್‌ಜಾಗ್ ಇರಲಿ, ನೇರ ಹೊಲಿಗೆ ಎಳೆದಾಗ ಪಟಪಟ ಕಡಿಯುತ್ತದೆ. ಅಮ್ಮನ ಕಾಲದ, ತುಳಿಯುವ ಕಪ್ಪು ಯಂತ್ರದಲ್ಲಿ ಜಿಗ್‌ಜಾಗ್ ಎಲ್ಲಿ ಬರಬೇಕು? ಪಾಲಿಯೆಸ್ಟರ್ ದಾರ ಹಾಕಿ, ಪಾದದ ಒತ್ತಡ ಕಡಿಮೆ ಮಾಡಿ, ಬಟ್ಟೆಯನ್ನು ಹಗುರಾಗಿ ಎಳೆದು ಹಿಡಿದು ಎರಡು ಸಾಲು ಹೊಲಿದರೆ ತಡೆಯುತ್ತದೆ. ನನ್ನದು ಹಾಗೇ ಹೊಲಿದದ್ದು.

ಮೊದಲು ಭುಜ. ಅಲ್ಲಿ ಫಾಲ್ಸಿನ ಸಣ್ಣ ಪಟ್ಟಿಯೊಂದನ್ನು ಸೇರಿಸಿ ಹೊಲಿದರೆ ಭುಜ ಜಗ್ಗುವುದಿಲ್ಲ. ಆಮೇಲೆ ಕುತ್ತಿಗೆ. ಇನ್ನೂ ಬಿಚ್ಚಿ ಹರಡಿದ ಬಟ್ಟೆಗೇ ತೋಳು ಕೂಡಿಸಿ, ತೋಳಿನ ತುದಿಯಿಂದ ಕಂಕುಳು ದಾಟಿ ಸೊಂಟದವರೆಗೆ ಒಂದೇ ಓಟದಲ್ಲಿ ಬದಿ ಮುಚ್ಚಿ. ಉಳಿಯುವುದು ಮುಂಗೈ ಮತ್ತು ಸೊಂಟದ ಪಟ್ಟಿ.

ನಾನು ಸೋತದ್ದು ಕುತ್ತಿಗೆಯಲ್ಲಿ. ಕುತ್ತಿಗೆಯ ಸುತ್ತು 22 ಇಂಚು ಇತ್ತೆಂದು ಪಟ್ಟಿಯನ್ನೂ 22 ಇಂಚೇ ಕತ್ತರಿಸಿದೆ. ಹಾಕಿಕೊಂಡರೆ ಬಾಡಿದ ಬಾಳೆಯ ಸುಳಿಯಂತೆ ಜೋತುಬಿತ್ತು. ಬಿಚ್ಚಿ ನೋಡಿದಾಗ ಗುಟ್ಟು ತಿಳಿಯಿತು: ಪಟ್ಟಿ ಯಾವಾಗಲೂ ಸುತ್ತಿಗಿಂತ ಚಿಕ್ಕದಿರಬೇಕು, ಐದರಲ್ಲಿ ನಾಲ್ಕು ಪಾಲಿನಷ್ಟು. 22ಕ್ಕೆ ಹದಿನೆಂಟು ಇಂಚಿನ ಹತ್ತಿರ, ಜೊತೆಗೆ ಹೊಲಿಗೆಯ ಬಿಡು. ಪಟ್ಟಿಯನ್ನೂ ಕುತ್ತಿಗೆಯನ್ನೂ ನಾಲ್ಕು ಸಮಪಾಲು ಮಾಡಿ ಗುಂಡುಪಿನ್ನು ಚುಚ್ಚಿ, ಪಿನ್ನಿಗೆ ಪಿನ್ನು ಕೂಡಿಸಿ, ಪಟ್ಟಿಯನ್ನಷ್ಟೇ ಎಳೆಯುತ್ತ ಹೊಲಿಯಬೇಕು. ಬಟ್ಟೆ ಎಳೆದರೆ ಅಲೆ ಅಲೆಯಾಗುತ್ತದೆ. ಎರಡನೆಯ ಸಲ ಸುಮಾರಾಯಿತು, ಮೂರನೆಯ ಸಲ ಸರಿಯಾಯಿತು.

ಮುಗಿದ ಅಂಗಿಯನ್ನು ಪಕ್ಕದ ಮನೆಯ ಹುಡುಗಿಗೆ ತೋರಿಸಿದೆ. ಗಾರ್ಮೆಂಟ್ಸ್ ಒಂದರಲ್ಲಿ ಅವಳದು ಮುಂಗೈ ಪಟ್ಟಿಯ ಕೆಲಸ. ಎದೆ, ಭುಜ ಏನನ್ನೂ ನೋಡದೆ ನೇರ ತೋಳು ಹಿಡಿದು ಒಳಮಗ್ಗುಲು ತಿರುಗಿಸಿದಳು. ಪಟ್ಟಿಯನ್ನು ಎರಡು ಸಲ ಎಳೆದು, ‘ಇಲ್ಲಿ ಜಾಸ್ತಿ ಜಗ್ಗಿದ್ದೀರಿ, ಆಲ್ಟರ್ ಬರುತ್ತೆ’ ಎಂದಳು. ಆಲ್ಟರ್ ಎಂದರೆ ಬಿಚ್ಚಿ ಮತ್ತೆ ಹೊಲಿಯಲು ವಾಪಸು ಬರುವುದು. ನಿಜ, ಒಂದು ಬದಿ ಸುಕ್ಕಾಗಿತ್ತು. ಅಂಗಿ ಮಡಿಸಿ ಕೊಡುವಾಗ ಕೈ ಕುತ್ತಿಗೆಯ ಹತ್ತಿರ ನಿಂತಿತು. ಹೊಲಿಗೆಯ ಮೇಲೆ ಬೆರಳಾಡಿಸಿ ಕೇಳಿದಳು: ‘ಇದನ್ನು ಹೇಗೆ ಕೂರಿಸಿದಿರಿ?’