ದಿನವೂ ನಗಿಸುವ ಕಸುಬು

ಅಳಿಸುವ ಧಾರಾವಾಹಿಗೆ ಕಥೆ ಎಳೆದಷ್ಟೂ ಲಾಭ. ಅತ್ತೆಯ ಮುಖ, ಸೊಸೆಯ ಮುಖ, ಮತ್ತೆ ಅತ್ತೆಯ ಮುಖ ಅಂತ ಅರ್ಧ ಕಂತು ಸಾಗಿಸಿಬಿಡಬಹುದು. ಹಾಸ್ಯಕ್ಕೆ ಆ ಸೌಕರ್ಯವಿಲ್ಲ. ಸೋಮವಾರ ನಕ್ಕವರನ್ನು ಮಂಗಳವಾರ ಹೊಸದಾಗಿ ನಗಿಸಬೇಕು. ಇಂಥ ಕಷ್ಟದ ಕಸುಬು ಕನ್ನಡ ಕಿರುತೆರೆಯಲ್ಲಿ ಬೇರುಬಿಟ್ಟಿದ್ದರಲ್ಲಿ ನಟ, ನಿರ್ಮಾಪಕ ಸಿಹಿಕಹಿ ಚಂದ್ರು ಅವರ ಪಾಲು ದೊಡ್ಡದು.

1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಸಿಹಿಕಹಿ’ ಧಾರಾವಾಹಿ ಅವರ ಹೆಸರಿಗೂ ಪತ್ನಿ ಗೀತಾ ಅವರ ಹೆಸರಿಗೂ ಶಾಶ್ವತವಾಗಿ ಅಂಟಿಕೊಂಡಿತು. 2000ದ ಕೊನೆಗೆ ಈಟಿವಿ ಕನ್ನಡ ಶುರುವಾದ ಮೇಲೆ ನಗೆಗೂ ದಿನನಿತ್ಯದ ಲೆಕ್ಕ ಬಂತು. ಚಂದ್ರು ಅಲ್ಲಿ ಕಟ್ಟಿದ ‘ಪಾಪ ಪಾಂಡು’ ಸಾವಿರ ಕಂತು ದಾಟಿತು. ಶ್ರೀಮತಿಯ ಕೈಗೆ ಸಿಕ್ಕು ನರಳುವ ಪಾಂಡುರಂಗ, ಅಷ್ಟೇ ಕಥೆ. ಶ್ರೀಮತಿಯಾಗಿ ಶಾಲಿನಿ ಕಣ್ಣು ಕೆಂಪಗೆ ಮಾಡಿದರೆ ಪಾಂಡುವಾದ ಚಿದಾನಂದ ಅವರ ಮುಖ ಬಾಡುವ ರೀತಿ ನೋಡಲೆಂದೇ ಜನ ಕೂತರು. ಗಂಡ ಏಟು ತಿನ್ನುವುದನ್ನೇ ನಗೆಯ ಬಂಡವಾಳ ಮಾಡಿಕೊಂಡದ್ದು ಕೆಲವೊಮ್ಮೆ ಅತಿಯಾಯಿತು ಎಂದೇ ನನ್ನ ಭಾವನೆ. ಚಂದ್ರು ಅವರೇ ನಿರ್ಮಿಸಿದ ‘ಸಿಲ್ಲಿ ಲಲ್ಲಿ’ ನನಗೆ ಹೆಚ್ಚು ಇಷ್ಟ. ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ, ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್ ನಮ್ಮ ಬಡಾವಣೆಗಳ ದೊಡ್ಡಸ್ತಿಕೆಯನ್ನೇ ಹಿಡಿದು ತೋರಿಸಿದರು. ಅದನ್ನು ನಿರ್ದೇಶಿಸಿದ ವಿಜಯಪ್ರಸಾದ್ 2012ರಲ್ಲಿ ‘ಸಿದ್ಲಿಂಗು’ ಮಾಡಿದಾಗ ಆ ಮಾತಿನ ವರಸೆ ಸಿನಿಮಾಕ್ಕೂ ಬಂತು. ನಿರ್ಮಾಪಕನ ಪ್ರಭಾವ ಎಂದರೆ ಇದೇ: ತಾನು ನಕ್ಕು ನಗಿಸುವುದರ ಜೊತೆಗೆ ನಗಿಸಬಲ್ಲವರಿಗೆ ದಿನವೂ ಕೆಲಸ ಕೊಡುವುದು.

ಆ ಕೆಲಸ ಹೇಗಿರುತ್ತದೆಂದು ನೋಡಬೇಕಾದರೆ ಬೆಂಗಳೂರಿನ ನಾಗರಬಾವಿ, ಕೆಂಗೇರಿ ಕಡೆಯ ಶೂಟಿಂಗ್ ಮನೆಗಳಿಗೆ ಹೋಗಬೇಕು. ಹೊರಗೆ ಜನರೇಟರ್ ವ್ಯಾನು, ಒಳಗೆ ಹಾಲ್ ತುಂಬ ಲೈಟು. ಟೇಕ್ ಅಂದ ಕೂಡಲೇ ಫ್ಯಾನ್ ಆಫ್. ಸಹಾಯಕ ನಿರ್ದೇಶಕ ಪಕ್ಕದಲ್ಲಿ ನಿಂತು ಸಂಭಾಷಣೆ ಪ್ರಾಂಪ್ಟ್ ಮಾಡುತ್ತಾನೆ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಇನ್ನೊಂದು ಟೇಕ್. ಅಳುವ ದೃಶ್ಯವಾದರೆ ಗ್ಲಿಸರಿನ್ ಕೈಹಿಡಿಯುತ್ತದೆ. ನಗೆಗೆ ಬೇಕಾದ ಟೈಮಿಂಗ್ ಯಾವ ಬಾಟಲಿಯಲ್ಲೂ ಸಿಗದು. ಬೆವರಿಳಿಸಿಕೊಂಡು ನಾಲ್ಕನೇ ಸಲ ಅದೇ ಮಾತನ್ನು ಮೊದಲ ಸಲದಂತೆ ಹೇಳುವ ಕಲಾವಿದರನ್ನು ಕಂಡರೆ ಕೈಮುಗಿಯಬೇಕೆನಿಸುತ್ತದೆ.

2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ‘ಪಾಪ ಪಾಂಡು’ ಅದೇ ಜೋಡಿಯೊಂದಿಗೆ ಮರಳಿತು. ಚಂದ್ರು ಸ್ಟಾರ್ ಸುವರ್ಣದಲ್ಲಿ ‘ಬೊಂಬಾಟ್ ಭೋಜನ’ದ ಒಲೆಯ ಮುಂದೆಯೂ ನಿಂತರು. ಇತ್ತ 2015ರ ‘ಮಜಾ ಟಾಕೀಸ್’ನಂಥ ಕಾರ್ಯಕ್ರಮಗಳಿಂದ ಹಾಸ್ಯ ವಾರಾಂತ್ಯದ ವೇದಿಕೆಗೆ ಸರಿಯಿತು. ಅಲ್ಲಿಯೂ ಪ್ರತಿಭೆಗೆ ಕೊರತೆಯಿಲ್ಲ. ಆದರೂ ಒಂದೇ ಮನೆ, ಅದೇ ನಾಲ್ಕು ಜನ, ವಾರವಿಡೀ ನಗು ಎಂಬ ಧಾರಾವಾಹಿಗೆ ವಾಹಿನಿಗಳು ಸಂಜೆಯ ಅರ್ಧ ಗಂಟೆಯನ್ನು ಮತ್ತೆ ಬಿಟ್ಟುಕೊಡಬೇಕು. ಬರೆಯುವವರೂ ನಟಿಸುವವರೂ ಈ ಊರಲ್ಲೇ ಇದ್ದಾರೆ.