ಮೊದಲ ಕೀಲಿಕೈ ಯಾರದು?

೧೮೨೪ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬೊಕ್ಕಸಕ್ಕೆ ಮುದ್ರೆಯೊತ್ತಿಸಿದ್ದು ವಾಚಕರಿಗೆ ತಿಳಿದ ಸಂಗತಿಯೇ. ಬೊಕ್ಕಸದ ಬಾಗಿಲು ಯಾರ ಕೈಯಲ್ಲಿಯೋ ಅವರೇ ಒಡೆಯರು. ಗಣಕಯಂತ್ರದ ಪ್ರೋಗ್ರಾಮುಗಳನ್ನು ಸ್ವಂತ ಸರ್ವರಿನಲ್ಲಿ ಕಾದಿಡುವ ಭಂಡಾರಕ್ಕೂ ಇದೇ ನ್ಯಾಯ. ‘ಗಿಟೀ’ ಎಂಬ ಭಂಡಾರದಲ್ಲಿ ಮೊದಲು ಹೆಸರು ನೋಂದಿಸಿದವನೇ ಆಡಳಿತಗಾರ. ನಿಮ್ಮ ಮನೆಯ ತರುಣನು ಬೈಲಹೊಂಗಲದಲ್ಲಿ ಅದನ್ನು ಸ್ಥಾಪಿಸಿ, ಅಂತರಜಾಲಕ್ಕೆ ತೆರೆದಿಟ್ಟು ಊಟಕ್ಕೆದ್ದರೆ, ಆ ಪಟ್ಟ ಎಲ್ಲಿಯವನೋ ಅಪರಿಚಿತನಿಗೆ ದಕ್ಕೀತು! ಆದುದರಿಂದ ಬಾಗಿಲು ತೆರೆಯುವ ಮುನ್ನವೇ, ಸ್ಥಾಪನೆಯ ಆಜ್ಞೆಗಳೇ ಊಹೆಗೆಟುಕದ ಗುಪ್ತಪದವೊಂದನ್ನು ಹೆಣೆದು ಆಡಳಿತಗಾರನನ್ನು ನೇಮಿಸುವುದು ಲೇಸು. ‘ಗಿಟ್‌ಲ್ಯಾಬ್’ ಗುಪ್ತಪದವನ್ನು ತಾನೇ ಹೆಣೆದು ಒಂದು ಕಡತದಲ್ಲಿ ಬರೆದಿಡುತ್ತದೆ. ೨೪ ಗಂಟೆ ಕಳೆದ ಮೇಲಿನ ಮೊದಲ ಮರುಹೊಂದಿಕೆಯಲ್ಲಿ ಆ ಕಡತವನ್ನು ಅಳಿಸುತ್ತದೆ. ಅಷ್ಟರೊಳಗೆ ಅದನ್ನು ಓದಿ, ಬದಲಿಸಿಕೊಳ್ಳಬೇಕು. ಗುಪ್ತಪದವನ್ನು ಆಜ್ಞೆಗಳ ನಡುವೆಯೇ ಬರೆದು ಭಂಡಾರಕ್ಕೆ ಸೇರಿಸುವ ಜಾಣರೂ ಉಂಟು. ಆಮೇಲೆ ಅಳಿಸಿದರೂ ಹಳೆಯ ಪ್ರತಿಗಳಲ್ಲಿ ಅದು ಉಳಿದೇ ಇರುತ್ತದೆ.